ಬಿ-2 ಪ್ರಮಾಣಪತ್ರ ಕೈಯಲ್ಲಿರುವಾಗ ಭಾಷೆಯ ಪದವಿ ಏಕೆ?

ಆಧುನಿಕ ಭಾಷೆಗಳ ಪದವಿ ತರಗತಿಗಳಿಗೆ ಪಾಠ ಹೇಳುವ ನನಗೆ ಪ್ರವೇಶದ ದಿನಗಳು ಹತ್ತಿರವಾದಂತೆಲ್ಲ ಇವೇ ಐದಾರು ಪ್ರಶ್ನೆಗಳು ಬರುತ್ತವೆ. ತಪ್ಪು ಕಲ್ಪನೆಗಳಿಂದ ಹಣವನ್ನೂ ವರ್ಷಗಳನ್ನೂ ಕಳೆದುಕೊಂಡವರನ್ನು ಕಂಡು ನೊಂದಿರುವುದರಿಂದ, ಈ ಬಾರಿ ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಫ್ರೆಂಚ್‌ನಲ್ಲಿ ಬಿ-2 ಹಂತ ಮುಗಿಸಿದ್ದೇನೆ. ಅದೇ ಭಾಷೆಯನ್ನು ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಮತ್ತೆ ಕಲಿಯುವುದರಿಂದ ಏನು ಪ್ರಯೋಜನ?

ಉತ್ತರ: ‘ಮತ್ತೆ ಕಲಿಯುವುದು’ ಎಂಬ ಮಾತನ್ನು ಮೊದಲು ಬಿಡಬೇಕು. ಬಿ-2 ನಾಲ್ಕನೆಯದಾಗಿರುವ, ಎ-1ರಿಂದ ಸಿ-2ರವರೆಗಿನ ಆರು ಹಂತಗಳ ಭಾಷಾ ಮಾನದಂಡವನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ್ದು, ಕಲಿತವರು ಆ ಭಾಷೆಯಲ್ಲಿ ಏನೇನು ಮಾಡಬಲ್ಲರು ಎಂಬುದನ್ನು ಗುರುತಿಸುವುದಕ್ಕಾಗಿ. ಬಿ-2 ತಲುಪಿದವರು ಸಮಕಾಲೀನ ಸಾಹಿತ್ಯದ ಗದ್ಯವನ್ನು ಅರ್ಥಮಾಡಿಕೊಳ್ಳಬಲ್ಲರು ಎಂದು ಅದರಲ್ಲೇ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬರೆದದ್ದು ಅರ್ಥವಾದ ಮೇಲೆ, ಹಾಗೆಯೇ ಏಕೆ ಬರೆದರು, ಬೇರೆ ರೀತಿ ಬರೆದಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಕೇಳತೊಡಗಿದಾಗ ಮಾತ್ರ ನಮ್ಮ ತರಗತಿಯ ಕೆಲಸ ಆರಂಭವಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಫ್ರೆಂಚ್‌ನಲ್ಲಿ ‘ಅವನು ಬಂದನು’ ಎನ್ನುವುದಕ್ಕೆ ಎರಡು ರೂಪಗಳಿವೆ. ‘ಇಲ್ ವ್ಯಾಂ’ ಎಂಬುದು ಕಾದಂಬರಿ, ಚರಿತ್ರೆಗಳ ಬರವಣಿಗೆಗೆ ಮೀಸಲಾದ ಭೂತಕಾಲ. ‘ಇಲ್ ಎ ವೆನ್ಯು’ ಎಂಬುದು ಆಡುಮಾತಿನದು. ಗ್ರಾಂಥಿಕವಾದ ‘ಬಂದನು’ ಎಂಬುದಕ್ಕೂ ಬಾಯಿಮಾತಿನ ‘ಬಂದ’ ಎಂಬುದಕ್ಕೂ ಇರುವ ಅಂತರವನ್ನು ನೆನೆದುಕೊಂಡರೆ ಇದು ಒಂದು ಮಟ್ಟಿಗೆ ತಿಳಿಯುತ್ತದೆ. ಫ್ರೆಂಚ್ ಲೇಖಕ ಆಲ್ಬೇರ್ ಕಮೂ 1942ರಲ್ಲಿ ಪ್ರಕಟಿಸಿದ ‘ಲೆತ್ರಾಂಜೆ’ (ಹೊರಗಿನವನು) ಕಾದಂಬರಿಯ ಕಥನವನ್ನು ಬಹುಮಟ್ಟಿಗೆ ಈ ಎರಡನೆಯ ರೂಪದಲ್ಲೇ ನಡೆಸಿದರು. ಮೊದಲನೆಯದರಲ್ಲಿ ಒಂದು ಘಟನೆ ಮುಂದಿನದರ ಕೈಹಿಡಿದು ನಡೆಯುತ್ತದೆ. ಎರಡನೆಯದರಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಮುಗಿದು ನಿಲ್ಲುತ್ತದೆ. ಅಲ್ಲಿನ ಒಂದೊಂದು ವಾಕ್ಯವೂ ಒಂದೊಂದು ದ್ವೀಪ ಎಂಬರ್ಥದ ಮಾತನ್ನು ತತ್ವಜ್ಞಾನಿ ಸಾರ್ತ್ರ್ 1943ರಲ್ಲೇ ಬರೆದರು. ಈಗ ಅದೇ ಕಾದಂಬರಿಯ ನ್ಯಾಯಾಲಯದ ಭಾಗಕ್ಕೆ ಬನ್ನಿ. ಕಥೆ ಹೇಳುವವನೇ ಅಲ್ಲಿ ಕೊಲೆಯ ಆರೋಪಿ. ತಾಯಿಯ ಅಂತ್ಯಕ್ರಿಯೆಯಲ್ಲಿ ಅಳಲಿಲ್ಲ ಎಂಬುದನ್ನೇ ಹಿಡಿದು, ಸರ್ಕಾರಿ ವಕೀಲ ಆರೋಪಿಯ ಬದುಕಿನ ಬಿಡಿ ಘಟನೆಗಳನ್ನೆಲ್ಲ ಕೊಲೆಯವರೆಗೆ ಒಂದೇ ದಾರದಲ್ಲಿ ಪೋಣಿಸುತ್ತಾನೆ. ಕಥೆ ಹೇಳುವವನ ಕ್ರಿಯಾಪದಗಳಾದರೋ ಮೊದಲ ಪುಟದಿಂದಲೂ ಅಂಥ ಪೋಣಿಕೆಯನ್ನು ಒಪ್ಪಿಯೇ ಇರಲಿಲ್ಲ.

ಪ್ರಮಾಣಪತ್ರ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಇದೇ ಪುಸ್ತಕ ಓದಿ, ‘ಎಲ್ಲವೂ ಅರ್ಥವಾಯಿತು, ಹೇಳುವುದಕ್ಕೇನೂ ಇಲ್ಲ’ ಎಂದಳು. ಮೂರು ವಾರಗಳ ನಂತರ ಅವಳ ಪ್ರತಿಯ ಕ್ರಿಯಾಪದಗಳ ಕೆಳಗೆಲ್ಲ ಪೆನ್ಸಿಲ್ ಗೆರೆಗಳಿದ್ದವು, ಅಂಚಿನಲ್ಲಿ ಪ್ರಶ್ನೆಗಳಿದ್ದವು. ಪದವಿಯಿಂದ ಸಿಗುವ ಪ್ರಯೋಜನ ಆ ಗೆರೆಗಳಲ್ಲಿದೆ.

ಹಾಗೆಂದು ಸಿಕ್ಕ ಕಡೆಯೆಲ್ಲ ಸೇರಬೇಡಿ. ಪಠ್ಯಕ್ರಮವನ್ನು ತರಿಸಿಕೊಂಡು, ಕೃತಿಗಳನ್ನು ಮೂಲದಲ್ಲೇ ಓದಿಸುತ್ತಾರೆಯೇ, ಅನುವಾದವನ್ನು ಎರಡೂ ದಿಕ್ಕಿನಲ್ಲಿ ಮಾಡಿಸುತ್ತಾರೆಯೇ, ಭಾಷಾವಿಜ್ಞಾನಕ್ಕೆ ಪ್ರತ್ಯೇಕ ಪತ್ರಿಕೆ ಇದೆಯೇ ಎಂದು ನೋಡಿ. ಸಂಸ್ಕೃತಿ ಎಂಬ ಹೆಸರಿನಲ್ಲಿ ಹಬ್ಬ ಮತ್ತು ಅಡುಗೆಗಳ ಪಟ್ಟಿಯನ್ನಷ್ಟೇ ಕಲಿಸುವ ಕಡೆ ಹೋಗಬೇಡಿ. ಓದುವ ಹಂಬಲವೇ ಇಲ್ಲದವರಿಗೆ ಪ್ರಮಾಣಪತ್ರವೇ ಸಾಕು ಎಂದು ನಾನು ಸದಾ ಹೇಳುತ್ತೇನೆ. ಅವರು ಬೇಸರಪಟ್ಟರೂ ಚಿಂತೆಯಿಲ್ಲ.

ಪ್ರಶ್ನೆ: ಮೂವತ್ತು ದಿನಗಳಲ್ಲಿ ಜಪಾನೀ ಭಾಷೆಯನ್ನು ನಿರರ್ಗಳವಾಗಿ ಕಲಿಸುತ್ತೇವೆ ಎನ್ನುವವರನ್ನು ನಂಬಬಹುದೇ?

ಉತ್ತರ: ಖಂಡಿತ ಬೇಡ. ಇಂಗ್ಲಿಷ್ ಮಾತೃಭಾಷೆಯಾಗಿರುವ ರಾಜತಾಂತ್ರಿಕರಿಗೆ ಜಪಾನೀ ಕಲಿಸಲು ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆ ಇಟ್ಟುಕೊಂಡಿರುವ ಅಂದಾಜು ಸುಮಾರು 2,200 ತರಗತಿ ಗಂಟೆಗಳು. ದಿನಕ್ಕೆ 10 ಗಂಟೆ ಕುಳಿತರೂ 220 ದಿನಗಳಾಗುತ್ತವೆ. ಮೂವತ್ತು ದಿನಗಳ ಆಸೆ ತೋರಿಸುವವರು ಕಲಿಯುವವರ ಆತ್ಮವಿಶ್ವಾಸವನ್ನೇ ಕೆಡಿಸುತ್ತಾರೆ. ಮಾತು ಬಾರದಿದ್ದಾಗ ತಪ್ಪು ತನ್ನದೇ ಎಂದು ನಂಬಿ ಭಾಷೆಯನ್ನೇ ಬಿಟ್ಟವರನ್ನು ಕಂಡಿದ್ದೇನೆ.

ಪ್ರಶ್ನೆ: ಅನುವಾದ ತಂತ್ರಾಂಶಗಳು ಬಂದಿರುವಾಗ ಈ ಓದಿಗೆ ಅರ್ಥವಿದೆಯೇ?

ಉತ್ತರ: ಜಪಾನೀ ವಾಕ್ಯದಲ್ಲಿ ಬಂದವರು ಯಾರೆಂದು ಹೇಳದೆ ‘ಬರು’ ಕ್ರಿಯಾಪದದ ಭೂತಕಾಲವನ್ನಷ್ಟೇ ಇಟ್ಟು ಮುಗಿಸಬಹುದು, ಆ ರೂಪದಲ್ಲಿ ಲಿಂಗವೂ ಇಲ್ಲ, ವಚನವೂ ಇಲ್ಲ. ಕನ್ನಡಕ್ಕೆ ತರುವಾಗ ಬಂದನು, ಬಂದಳು, ಬಂದರು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ತಂತ್ರಾಂಶ ಯಾವುದೋ ಒಂದನ್ನು ಆರಿಸಿ ಮುಂದೆ ಸಾಗುತ್ತದೆ. ಲೇಖಕಿ ಅದನ್ನು ಬೇಕೆಂದೇ ಮುಚ್ಚಿಟ್ಟಿದ್ದಳು ಎಂಬುದು ಮೂಲವನ್ನು ಓದಬಲ್ಲವರಿಗೆ ಮಾತ್ರ ಕಾಣುತ್ತದೆ. ತಂತ್ರಾಂಶವನ್ನು ಬಳಸಿ, ಆದರೆ ಅದನ್ನು ತಿದ್ದಬಲ್ಲವರಾದ ಮೇಲೆ ಬಳಸಿ.

ಪ್ರಶ್ನೆ: ಮುಂದೆ ಯಾವ ಭಾಷೆಗೆ ಹೆಚ್ಚು ಬೇಡಿಕೆ ಇರುತ್ತದೆ?

ಉತ್ತರ: ನೀವು ಓದು ಮುಗಿಸುವ ಹೊತ್ತಿನ ಬೇಡಿಕೆಯನ್ನು ಇಂದೇ ಹೇಳುವವರು ಜ್ಯೋತಿಷ್ಯ ಹೇಳುತ್ತಿದ್ದಾರೆ.

ಪ್ರಶ್ನೆ: ನನಗೆ ಇಪ್ಪತ್ತೆಂಟು ವರ್ಷ, ತಡವಾಯಿತೇ?

ಉತ್ತರ: ಇಲ್ಲ, ಉಚ್ಚಾರಣೆಗೆ ಹೆಚ್ಚು ಶ್ರಮ ಬೇಕಾಗಬಹುದು, ಅಷ್ಟೇ.

ಪ್ರಶ್ನೆ: ಆ ಭಾಷೆಯ ನಾಡಿನಲ್ಲಿ ಒಂದು ವರ್ಷ ಇದ್ದು ಬರುವುದು ಅನಿವಾರ್ಯವೇ?

ಉತ್ತರ: ಅನಿವಾರ್ಯವಲ್ಲ, ಆದರೆ ಅವಕಾಶ ಸಿಕ್ಕರೆ ಬಿಡಬೇಡಿ. ಮೊದಲ ವರ್ಷವೇ ಹೊರಡುವ ಆತುರ ಬೇಡ. ವ್ಯಾಕರಣ ಗಟ್ಟಿಯಾದ ಮೇಲೆ ಹೋದರೆ ಕಿವಿಗೆ ಬಿದ್ದದ್ದು ಉಳಿಯುತ್ತದೆ. ಅಲ್ಲಿಗೆ ಹೋಗಿ ನಿಮ್ಮ ಭಾಷೆಯವರೊಂದಿಗೇ ಕೋಣೆ ಹಂಚಿಕೊಂಡರೆ ಆ ವರ್ಷ ವ್ಯರ್ಥವಾಗುತ್ತದೆ, ಆದ್ದರಿಂದ ಹೊರಡುವ ಮೊದಲೇ ಆ ನಾಡಿನವರ ಜೊತೆ ವಾಸಕ್ಕೆ ಏರ್ಪಾಡು ಮಾಡಿಕೊಳ್ಳಿ.