ಮೀಥೈಲ್ ಸೆಲ್ಯುಲೋಸ್ (ಸೆಲ್ಯುಲೋಸ್‌ನಿಂದ ತಯಾರಿಸಿದ, ಆಹಾರವನ್ನು ಮಂದಗೊಳಿಸಲು ಬಳಸುವ ಪುಡಿ) ತಣ್ಣೀರಿನಲ್ಲಿ ಕರಗಿ, ಬಿಸಿ ಮಾಡಿದರೆ ಗಟ್ಟಿಯಾಗುವುದೇಕೆ?

ಅದರ ಸರಪಳಿಯಂಥ ಉದ್ದನೆಯ ಅಣುಗಳಿಗೆ ಸೇರಿಸಿದ ಮೀಥೈಲ್ ಗುಂಪುಗಳೇ (ಒಂದು ಇಂಗಾಲ, ಮೂರು ಹೈಡ್ರೋಜನ್ ಪರಮಾಣುಗಳ ಪುಟ್ಟ ತುಣುಕುಗಳು) ಕಾರಣ. ಅವಕ್ಕೂ ನೀರಿಗೂ ಅಷ್ಟಾಗಿ ಹೊಂದುವುದಿಲ್ಲ. ಮರದ ತಿರುಳಿನ ಸೆಲ್ಯುಲೋಸ್‌ನ ಉದ್ದನೆಯ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಅದು ನೀರಿನಲ್ಲಿ ಕರಗುವುದೇ ಇಲ್ಲ. ಮೀಥೈಲ್ ಗುಂಪುಗಳು ಆ ಹಿಡಿತ ಬಿಡಿಸುತ್ತವೆ, ನೀರು ಒಳಹೋಗುತ್ತದೆ. ತಣ್ಣಗಿರುವಾಗ ನೀರಿನ ಅಣುಗಳು ಈ ಗುಂಪುಗಳ ಸುತ್ತ ಪಂಜರದಂತೆ ನಿಂತು ಸರಪಳಿಗಳನ್ನು ಬೇರೆಬೇರೆಯಾಗಿ ಇಡುತ್ತವೆ. ಸುಮಾರು 50–60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪಂಜರ ಒಡೆದು, ಮೀಥೈಲ್ ಗುಂಪುಗಳು ಪರಸ್ಪರ ಅಂಟಿ ಜಾಲ ಕಟ್ಟುತ್ತವೆ. ತಣಿದರೆ ಮತ್ತೆ ದ್ರವ.

ಹಾಗಂತ ಪುಡಿಯನ್ನು ನೇರವಾಗಿ ತಣ್ಣೀರಿಗೆ ಸುರಿಯಬೇಡಿ. ಹೊರಪದರ ಬೇಗ ಉಬ್ಬಿ, ಒಳಗಿನ ಪುಡಿ ಒಣಗಿದ್ದಂತೆಯೇ ಗಂಟಾಗುತ್ತದೆ. ಲೀಟರಿಗೆ 20 ಗ್ರಾಂ ಹಾಕುವುದಾದರೆ, ನೀರಿನ ಮೂರನೇ ಒಂದು ಭಾಗವನ್ನು 80 ಡಿಗ್ರಿಗೆ ಕಾಯಿಸಿ ಪುಡಿ ಚದುರಿಸಿ; ಬಿಸಿನೀರಿನಲ್ಲಿ ಅದು ಕರಗದ್ದರಿಂದ ಗಂಟಾಗುವುದಿಲ್ಲ. ಉಳಿದ ನೀರನ್ನು ಫ್ರಿಜ್‌ನಲ್ಲಿ ತಣಿಸಿ ಸೇರಿಸಿ, ತಿಳಿಯಾಗುವವರೆಗೆ ಕಲಕಿ.