ಮಕ್ಕಳೆಂದರೆ ಇಷ್ಟ, ಅಷ್ಟು ಸಾಲದಾ?

ಪ್ರಶ್ನೆ: ಪುಟ್ಟ ಮಕ್ಕಳ ಟೀಚರ್ ಆಗಬೇಕೆಂದು ತರಬೇತಿಗೆ ಸೇರಿದ್ದೇನೆ. ಇಲ್ಲಿ ನೋಡಿದರೆ ಬರೀ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಪಿಯಾಜೆ, ವೈಗೋಟ್‌ಸ್ಕಿ, ಪಾಠಯೋಜನೆ. ಒಂದರಿಂದ ನೂರು ಹೇಳಿಕೊಡಲು ಇದೆಲ್ಲ ಯಾಕೆ? ಮಕ್ಕಳೆಂದರೆ ನನಗೆ ಪ್ರಾಣ, ಅಷ್ಟು ಸಾಲದಾ? ಮುಂದಿನ ತಿಂಗಳು ಪಾಠ ಮಾಡಲು ಶಾಲೆಗೆ ಕಳಿಸುತ್ತಾರೆ, ಈಗಲೇ ಕೈಕಾಲು ನಡುಗುತ್ತಿದೆ.

ಉತ್ತರ: ಸಾಲದು. ಬೇಜಾರಾಗಬೇಡಿ, ನಾನೂ ಹೀಗೇ ಅಂದುಕೊಂಡು ಹೋದವಳು.

ಪಿಯಾಜೆಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದರೆ ತಲೆನೋವೇ. ಅದರ ಬದಲು ಅವರ ಒಂದು ಪ್ರಯೋಗದ ಹಾಗೆ ನೀವೇ ಮಾಡಿ ನೋಡಿ. ಸುಮ್ನೆ ಹತ್ತು ಗುಂಡಿ ತಗೊಳ್ಳಿ, ಅಂಗಿಯ ಗುಂಡಿ. ನಾಲ್ಕೂವರೆ ವರ್ಷದ ಮಗುವಿನ ಮುಂದೆ ಐದೈದರಂತೆ ಎರಡು ಸಾಲು ಜೋಡಿಸಿ. ಎರಡೂ ಸಮ ಅನ್ನುತ್ತದೆ. ಈಗ ಅದರ ಕಣ್ಣೆದುರಿಗೇ ಒಂದು ಸಾಲನ್ನು ಅಗಲಕ್ಕೆ ಹರಡಿ, ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ಸಾಮಾನ್ಯವಾಗಿ ಆ ವಯಸ್ಸಿನ ಮಗು ಉದ್ದದ ಸಾಲನ್ನೇ ತೋರಿಸುತ್ತದೆ. ಎರಡನ್ನೂ ಸರಿಯಾಗಿ ಎಣಿಸಿದ ಮೇಲೂ ಅದೇ ಮಾತು ಹೇಳುವ ಮಕ್ಕಳಿದ್ದಾರೆ! ಅದು ದಡ್ಡತನವಲ್ಲ. ಆರೇಳು ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತದೆ. ಅಂದರೆ ಒಂದರಿಂದ ನೂರು ಹೇಳುವ ಮಗುವಿಗೆ ಅದು ಇನ್ನೂ ಪದ್ಯವಿದ್ದ ಹಾಗೆ ಇರಬಹುದು, ಐದು ಅಂದರೆ ಎಷ್ಟು ಅನ್ನುವುದು ಬೇರೆ ವಿಷಯ. ಇದು ಗೊತ್ತಿಲ್ಲದ ಟೀಚರ್ ಮಗುವನ್ನು ಗದರುತ್ತಾರೆ, ಗೊತ್ತಿದ್ದವರು ಇನ್ನಷ್ಟು ಗುಂಡಿ ಕೊಟ್ಟು ಆಡಲು ಬಿಡುತ್ತಾರೆ.

ಇನ್ನು ನಡುಕದ ವಿಷಯ. ನನ್ನ ಮೊದಲ ಪಾಠ 30 ನಿಮಿಷದ್ದು, 12 ನಿಮಿಷಕ್ಕೇ ಮುಗಿದುಹೋಯಿತು. ಪ್ರಶ್ನೆ ಕೇಳುತ್ತಿದ್ದೆ, ಮಕ್ಕಳು ಸುಮ್ಮನಿರುವುದು ಸಹಿಸಲಾಗದೆ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ, ಉಳಿದ ಹೊತ್ತಿಗೆ ಒಂದೇ ಹಾಡನ್ನು ನಾಲ್ಕು ಸಲ ಹಾಡಿಸಿದೆ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ಮೇಡಂ ನನ್ನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ಮಕ್ಕಳು ಯಾವಾಗ ಮಾತಾಡಿದರು?’ ಆಮೇಲೆ ಓದಿದಾಗ ತಿಳಿಯಿತು, ಇದು ನನ್ನೊಬ್ಬಳ ರೋಗವಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿ ಟೀಚರುಗಳು ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಹಾಗಾಗಿ ಕೇಳಿ, ಮನಸ್ಸಿನಲ್ಲೇ ನಿಧಾನ ಮೂರು ಎಣಿಸಿ. ಬೋರ್ಡಿನ ಮುಂದೆ ನಿಂತಾಗ ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಪಾಠಯೋಜನೆ ಬರೆಯುವಾಗಲೂ ಅಷ್ಟೇ, ನೀವು ಏನು ಹೇಳುತ್ತೀರಿ ಅನ್ನುವುದಕ್ಕಿಂತ ಮಕ್ಕಳ ಕೈಗೆ ಏನು ಕೊಡುತ್ತೀರಿ ಅಂತ ಬರೆಯಿರಿ.

ಪ್ರಶ್ನೆ: ನರ್ಸರಿ ಟೀಚರ್ ಅಂದರೆ ‘ಬರೀ ಆಟ ಆಡಿಸೋದು’ ಅಂತಾರೆ. ಪ್ರಾಥಮಿಕ ತರಗತಿಗಳನ್ನೇ ಆರಿಸಿಕೊಳ್ಳಲೇ?

ಉತ್ತರ: ಆಟ ಆಡಿಸುವುದನ್ನೇ ಕಸುಬಾಗಿ ಕಲಿಸಿದವರು ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್. 1840ರಲ್ಲಿ ತಮ್ಮ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟು, ಮರದ ಚೆಂಡು, ದಿಮ್ಮಿಗಳನ್ನು ಮಕ್ಕಳ ಕೈಗೆ ಕೊಟ್ಟರು. ಅನ್ನುವವರು ಅಂದುಕೊಳ್ಳಲಿ ಬಿಡಿ. ಎರಡೂ ಕಡೆ ಒಂದೊಂದು ವಾರ ಹೋಗಿ ಕೂತು ನೋಡಿ. ಚಿಕ್ಕವರ ಹತ್ತಿರ ಹೋದಾಗ ಕುರ್ಚಿ ಬೇಡ, ನೆಲದ ಮೇಲೇ ಕೂರಿ.