ಓದುಗರ ಪ್ರಶ್ನೆ: ನಡೀದೇ ಇರೋ ಹಲ್ಲೆಗೆ ಮೋಮೋ ಗಾಡಿ ಉರುಳ್ತು

ಪ್ರಶ್ನೆ: ಅಕ್ಕಾ, ನಮ್ಮದು ಬನಶಂಕರಿ ಕಡೆ ಒಂದು ಲೇಔಟ್. ಹೋದ ತಿಂಗಳು ನಮ್ಮ ರೋಡಿನ ಹುಡುಗ ಒಬ್ಬ, ಚಿಕ್ಕೋನಿಂದ ನೋಡಿದೀನಿ ಅವನ್ನ, ಲೇಔಟ್ ಗ್ರೂಪಲ್ಲಿ ತರಚಿದ ಮೊಣಕೈ ಫೋಟೋ ಹಾಕಿ ಕನ್ನಡ ಮಾತಾಡಿದ್ದಕ್ಕೆ ಮೋಮೋ ಗಾಡಿ ಹತ್ರ ಹೊರಗಿನೋರು ನಾಲ್ಕು ಜನ ಸೇರ್ಕೊಂಡು ಹೊಡೆದ್ರು ಅಂತ ಬರೆದ. ಎಲ್ರಿಗೂ ರಕ್ತ ಕುದೀತು, ನಂಗೂ. ಒಂದೇ ಸಲಕ್ಕೆ ಐದು ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ರಾತ್ರಿ ಯಾರೋ ಹುಡುಗ್ರು ಬಂದು ಗಾಡಿ ಉರುಳಿಸಿ ಪಾತ್ರೆ ಎಲ್ಲಾ ರೋಡಿಗೆ ಎಸೆದ್ರು. ಆ ಗಾಡಿಯೋರು ಅಸ್ಸಾಂ ಕಡೆಯ ಗಂಡ ಹೆಂಡ್ತಿ, ಪಾಪ ಅವರು ಆ ಹೊತ್ತಲ್ಲಿ ಏನಾಗ್ತಿದೆ ಅಂತ ಗೊತ್ತಾಗದೆ ನಿಂತಿದ್ರಂತೆ. ಮೂರು ದಿನ ಆದ್ಮೇಲೆ ಮೂಲೆ ಮನೆ ಸಿಸಿಟಿವಿಲಿ ಎಲ್ಲಾ ಬಯಲಾಯ್ತು, ಹುಡುಗ ಭಾವನ ಬೈಕ್ ಕೇಳದೆ ಎತ್ಕೊಂಡ್ ಹೋಗಿ ಹಂಪ್ ಹತ್ರ ಸ್ಕಿಡ್ ಆಗಿ ಬಿದ್ದಿದ್ದ ಅಷ್ಟೇ. ಗಾಡಿ ಮಾತ್ರ ಇವತ್ತಿಗೂ ಹಾಕಿಲ್ಲ. ಜನ ಯಾಕೆ ಹೀಗ್ ಮಾಡ್ತಾರೆ? ನಾನೀಗ ಏನ್ ಮಾಡ್ಲಿ?
ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿ ನಂಗೆ ಮೊದಲು ಬಂದ ಯೋಚನೆ ಇದು. ಭಾವನ ಹತ್ರ ಬೈಸ್ಕೊಳ್ಳೋದು ತಪ್ಪಿಸ್ಕೋಬೇಕು ಅಂದ್ರೆ ನಾಯಿ ಅಡ್ಡ ಬಂತು ಅಂದಿದ್ರೂ ನಡೀತಿತ್ತಲ್ಲ, ಈ ಸುಳ್ಳೇ ಯಾಕೆ ಬೇಕಾಯ್ತು ಅವನಿಗೆ? ನಾಯಿ ಅಡ್ಡ ಬಂತು ಅಂದ್ರೆ ಭಾವ ಎಲ್ಲಿ, ಯಾವಾಗ, ನೀನ್ಯಾಕೆ ಕೇಳದೆ ಗಾಡಿ ಮುಟ್ಟಿದೆ ಅಂತ ಹತ್ತು ಪ್ರಶ್ನೆ ಕೇಳ್ತಾರೆ. ಕನ್ನಡ ಮಾತಾಡಿದ್ದಕ್ಕೆ ಹೊಡೆದ್ರು ಅಂದ್ರೆ ಒಬ್ರೂ ಕೇಳಲ್ಲ, ಕೇಳಿದೋರೇ ಹೊಡೆದೋರ ಕಡೆಯೋರು ಅನ್ನಿಸ್ಕೋತಾರೆ. ಇನ್ನೊಂದು, ಅದು ಯಾವ ಗಾಯ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಊರಲ್ಲಿ ಭಾಷೆ ವಿಷ್ಯಕ್ಕೆ ನಿಜವಾಗ್ಲೂ ನೋವಿದೆ, ಅಂಗಡೀಲಿ, ಆಟೋದಲ್ಲಿ, ಬ್ಯಾಂಕಲ್ಲಿ ದಿನಾ ಏನೋ ಒಂದು ಆಗ್ತಿರತ್ತೆ, ಗ್ರೂಪಲ್ಲಿ ನಾವೆಲ್ಲಾ ಅದನ್ನೇ ಬರೀತಿರ್ತೀವಿ. ಅವನು ಹೊಸದೇನೂ ಹುಟ್ಟಿಸ್ಲಿಲ್ಲ, ನಾವು ಆಗ್ಲೇ ನಂಬೋಕೆ ರೆಡಿ ಇದ್ದದ್ದನ್ನ ಎತ್ಕೊಂಡು ತನ್ನ ಬೈಕಿನ ಸ್ಕ್ರ್ಯಾಚ್ ಮುಚ್ಚೋಕೆ ಬಳಸ್ಕೊಂಡ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಾಗೆ ನಾವು ಕಟ್ಟಿಬಿಟ್ವಿ.

ಕಾರಣಗಳು ಒಬ್ಬೊಬ್ರಿಗೆ ಒಂದೊಂದು. 2023ರ ಸೆಪ್ಟೆಂಬರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಕಡಕ್ಕಲ್‌ನಲ್ಲಿ ರಜಕ್ಕೆ ಬಂದಿದ್ದ ಸೈನಿಕರೊಬ್ರು, ಯಾರೋ ಗುಂಪು ಕಟ್ಕೊಂಡು ಬಂದು ಹೊಡೆದು ಬೆನ್ನ ಮೇಲೆ ನಿಷೇಧಿತ ಸಂಘಟನೆ ಹೆಸರು ಪೇಂಟಲ್ಲಿ ಬರೆದ್ರು ಅಂತ ಕಂಪ್ಲೇಂಟ್ ಕೊಟ್ರು, ದೇಶ ಪೂರ್ತಿ ಸುದ್ದಿ ಆಯ್ತು. ಎರಡೇ ದಿನದಲ್ಲಿ ಪೊಲೀಸರು, ಇದು ಗೆಳೆಯನ ಕೈಲೇ ಬರೆಸ್ಕೊಂಡಿದ್ದು, ಹೆಸರು ಮಾಡ್ಬೇಕು ಅನ್ನೋ ಆಸೆ ಇತ್ತು ಅಂತ ಹೇಳಿ ಇಬ್ಬರನ್ನೂ ಅರೆಸ್ಟ್ ಮಾಡಿದ್ರು. 2004ರ ಜುಲೈನಲ್ಲಿ ಪ್ಯಾರಿಸ್ ಹತ್ರ ಲೋಕಲ್ ಟ್ರೈನಲ್ಲಿ ಒಬ್ಬ ಹೆಂಗಸು, ತನ್ನನ್ನ ಯಹೂದಿ ಅಂದ್ಕೊಂಡು ಆರು ಜನ ವಲಸೆ ಮೂಲದ ಹುಡುಗ್ರು ಮೇಲೆ ಬಿದ್ರು, ಹೊಟ್ಟೆ ಮೇಲೆ ನಾಜಿಗಳ ಸ್ವಸ್ತಿಕ ಬರೆದ್ರು, ಜೊತೆಲಿ ಮಗು ಇದ್ರೂ ಬಿಡ್ಲಿಲ್ಲ, ಸುತ್ತ ಇದ್ದೋರು ಸುಮ್ನೆ ನೋಡ್ತಿದ್ರು ಅಂದ್ರು. ತನಿಖೆ ಮುಗಿಯೋ ಮುಂಚೆನೇ ಫ್ರಾನ್ಸ್ ಅಧ್ಯಕ್ಷ ಶಿರಾಕ್ ಖಂಡಿಸಿದ್ರು. ನಾಲ್ಕು ದಿನಕ್ಕೆ ಆಕೆ ಎಲ್ಲಾ ಕಟ್ಟುಕಥೆ ಅಂತ ಒಪ್ಕೊಂಡ್ರು. ಯಾರಾದ್ರೂ ತನ್ನ ಕಡೆ ತಿರುಗಿ ನೋಡ್ಲಿ ಅನ್ನೋ ಹಸಿವು ಕೆಲವರಲ್ಲಿ ಎಷ್ಟಿರತ್ತೆ ಅಂದ್ರೆ ಮೈಮೇಲೆ ತಾವೇ ಗಾಯ ಮಾಡ್ಕೋತಾರೆ. ಇನ್ನು ವ್ಯೂಸ್‌ಗೆ ಮಾಡೋರು ಬೇರೆ. 2023ರ ಮಾರ್ಚಲ್ಲಿ ತಮಿಳುನಾಡಲ್ಲಿ ಬಿಹಾರದ ಕೂಲಿಕಾರರನ್ನ ಕೊಲ್ತಿದಾರೆ ಅಂತ ಯಾವ್ಯಾವುದೋ ವಿಡಿಯೋ ಹಾಕಿ ಹಬ್ಬಿಸಿದ್ರು, ಎಷ್ಟೋ ಜನ ಕೆಲಸ ಬಿಟ್ಟು ಟ್ರೈನ್ ಹತ್ತಿದ್ರು.

ಮತ್ತೆ ಒಂದು ಥರದೋರಿದಾರೆ, ಅವರ ಬಗ್ಗೆ ನಂಗೆ ಸಂಕಟ ಆಗತ್ತೆ. ನಿಜವಾಗ್ಲೂ ಹಿಂದೆ ಯಾವತ್ತೋ ಅವಮಾನ ಆಗಿರತ್ತೆ, ಹೇಳಿದಾಗ ಯಾರೂ ಕಿವಿಗೆ ಹಾಕ್ಕೊಂಡಿರಲ್ಲ, ಆಮೇಲೆ ದೊಡ್ಡದು ಮಾಡಿ ಹೇಳಿದ್ರೇನೇ ಕೇಳೋದು ಅಂತ ಕಲಿತುಬಿಡ್ತಾರೆ. ಮಾಡೋದು ತಪ್ಪೇ, ಆದ್ರೆ ಆ ತಪ್ಪಲ್ಲಿ ಕೇಳಿಸ್ಕೊಳ್ಳದೇ ಇದ್ದೋರ ಪಾಲೂ ಇದೆ.

ಹಾನಿ ಏನು ಅಂತ ನೀವೇ ಕಣ್ಣಾರೆ ನೋಡಿದೀರಿ, ಆದ್ರೂ ಒಂದು ಮಾತು ಹೇಳ್ಬೇಕು. ಅಸ್ಸಾಂನೋರು ಅಂದ ತಕ್ಷಣ ನಂಗೆ 2012ರ ಆಗಸ್ಟ್ ನೆನಪಾಯ್ತು. ಅಲ್ಲಿ ಕೊಕ್ರಜಾರ್ ಕಡೆ ಬೋಡೋ ಬುಡಕಟ್ಟಿನೋರಿಗೂ ಮುಸ್ಲಿಮರಿಗೂ ಗಲಭೆ ಆಗಿತ್ತು, ಅದರ ಸೇಡಿಗೆ ಇಲ್ಲಿ ಬೆಂಗಳೂರಲ್ಲಿ ರಂಜಾನ್ ಆದ್ಮೇಲೆ ಈಶಾನ್ಯದೋರನ್ನೆಲ್ಲಾ ಮುಗಿಸ್ತಾರೆ ಅಂತ ಎಸ್ಸೆಮ್ಮೆಸ್ ಹರಿದಾಡ್ತು, ಎಲ್ಲೋ ಚಂಡಮಾರುತದಲ್ಲಿ ಸತ್ತೋರ ಫೋಟೋನ ಕೊಲೆ ಆದೋರದು ಅಂತ ತೋರಿಸಿದ್ರು. ಆ ಮೆಸೇಜಲ್ಲಿ ಹೇಳಿದಂಥ ಹತ್ಯಾಕಾಂಡ ಈ ಊರಲ್ಲಿ ನಡೆದೇ ಇರ್ಲಿಲ್ಲ. ಆದ್ರೂ ಸಾವಿರಾರು ಜನ, ಸೆಕ್ಯೂರಿಟಿ ಗಾರ್ಡ್‌ಗಳು, ಪಾರ್ಲರ್ ಹುಡುಗೀರು, ಕಾಲೇಜ್ ಮಕ್ಕಳು, ಬ್ಯಾಗು ಹಾಸಿಗೆ ಸುತ್ಕೊಂಡು ಮೆಜೆಸ್ಟಿಕ್ ಹತ್ರ ಸಿಟಿ ರೈಲ್ವೆ ಸ್ಟೇಷನ್‌ಗೆ ಬಂದ್ರು, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡಬೇಕಾಯ್ತು. ಆಗ ಗೃಹ ಮಂತ್ರಿ ಆಗಿದ್ದ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ ಹೋಗ್ಬೇಡಿ ಅಂತ ಕೇಳ್ಕೊಂಡ್ರು. ಒಟ್ಟೊಟ್ಟಿಗೆ ತುಂಬಾ ಜನಕ್ಕೆ ಕಳ್ಸೋ ಬಲ್ಕ್ ಎಸ್ಸೆಮ್ಮೆಸ್‌ಗೆ ದೇಶದಲ್ಲೆಲ್ಲಾ ಹದಿನೈದು ದಿನ ತಡೆ ಹಾಕಿದ್ರು. ನಂಗೆ ಪ್ಲಾಟ್‌ಫಾರಂ ಮೇಲೆ ಕೂತಿದ್ದ ಆ ಮಕ್ಕಳ ಮುಖ ಇವತ್ತಿಗೂ ಕಣ್ಮುಂದೆ ಇದೆ. ನಿಮ್ಮ ಮೋಮೋ ಗಾಡಿಯೋರಿಗೂ ಆ ವರ್ಷದ ಕಥೆ ಊರಲ್ಲಿ ಯಾರಾದ್ರೂ ಹೇಳಿರ್ತಾರೆ, ಗಾಡಿ ಉರುಳಿದ ರಾತ್ರಿ ಅವರು ಏನು ಅಂದ್ಕೊಂಡಿರ್ಬಹುದು ಯೋಚ್ನೆ ಮಾಡಿ.

ಫಾರ್ವರ್ಡ್ ಒಂದೇ ಸಲಕ್ಕೆ ಐದಕ್ಕಿಂತ ಜಾಸ್ತಿ ಯಾಕೆ ಹೋಗಲ್ಲ ಅಂತ ಯಾವಾಗಾದ್ರೂ ಅನ್ನಿಸಿದ್ಯಾ? 2018ರ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಲೇ ಮಕ್ಕಳ ಕಳ್ಳ ಅಂತ ಗಾಳಿಸುದ್ದಿ ನಂಬಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಹುಡುಗನ್ನ ಹೊಡೆದು ಸಾಯಿಸಿದ್ರು. ಆ ವರ್ಷ ದೇಶದಲ್ಲಿ ಇಂಥದ್ದು ಒಂದರ ಹಿಂದೆ ಒಂದು ಆಗಿ, ಜುಲೈನಲ್ಲಿ ವಾಟ್ಸಾಪ್‌ನೋರು ಭಾರತದಲ್ಲಿ ಐದಕ್ಕೆ ಮಿತಿ ಹಾಕಿದ್ರು.

ಸುಳ್ಳು ಬಯಲಾದ್ಮೇಲೂ ಎಲ್ಲಾ ಸರಿ ಹೋಗಲ್ಲ. 1989ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಸ್ಟುವರ್ಟ್ ಅನ್ನೋನು ಬಸುರಿ ಹೆಂಡ್ತಿ ಕೊಲೇನ ಯಾರೋ ಕಪ್ಪು ಮನುಷ್ಯನ ತಲೆಗೆ ಕಟ್ಟಿದ. ಪೊಲೀಸರು ಮಿಷನ್ ಹಿಲ್ ಅನ್ನೋ ಏರಿಯಾದಲ್ಲಿ ಕಂಡ ಕಂಡ ಕಪ್ಪು ಹುಡುಗರನ್ನ ನಿಲ್ಲಿಸಿ ತಡಕಾಡಿದ್ರು, ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರು ಅಮಾಯಕರ ಮೇಲೆ ಗುಮಾನಿ ಬಿತ್ತು. ಮುಂದಿನ ಜನವರೀಲಿ ಅವನ ತಮ್ಮನೇ ಪೊಲೀಸರ ಹತ್ರ ಇದು ಸ್ಟುವರ್ಟ್‌ದೇ ಕೆಲಸ ಅಂತ ಬಾಯಿಬಿಟ್ಟ, ಮಾರನೇ ದಿನ ಸ್ಟುವರ್ಟ್ ಸೇತುವೆಯಿಂದ ಹಾರ್ದ. ಆ ಊರಿನ ಮೇಯರ್ ಮಿಶೆಲ್ ವೂ ಆ ಇಬ್ಬರ ಕುಟುಂಬಕ್ಕೆ ಊರಿನ ಪರವಾಗಿ ಕ್ಷಮೆ ಕೇಳಿದ್ದು 2023ರ ಡಿಸೆಂಬರಲ್ಲಿ. 34 ವರ್ಷ ಬೇಕಾಯ್ತು ನೋಡಿ ಒಂದು ಕ್ಷಮೆಗೆ.

ನೀವು 34 ದಿನನೂ ಕಾಯ್ಬೇಡಿ. ಆ ಐದು ಗ್ರೂಪಲ್ಲೂ ನಾನು ಕಳ್ಸಿದ್ದು ಸುಳ್ಳಾಗಿತ್ತು, ನಾನು ಕೇಳದೆ ಕಳ್ಸಿದೆ ಅಂತ ನಿಮ್ಮ ಹೆಸರಲ್ಲೇ ಬರೀರಿ, ಹಳೇ ಮೆಸೇಜ್ ಡಿಲೀಟ್ ಮಾಡಿ ಸುಮ್ಮನಾಗ್ಬೇಡಿ. ಗಾಡಿಯೋರು ಎಲ್ಲಿದಾರೆ ಅಂತ ಹುಡುಕಿ, ಹುಡುಗನ್ನೂ ಅವರಪ್ಪನ್ನೂ ಕರ್ಕೊಂಡು ಹೋಗಿ, ಪಾತ್ರೆ ಗಾಡಿ ನಷ್ಟ ಎಷ್ಟು ಅಂತ ಕೇಳಿ ಲೇಔಟಿನೋರೆಲ್ಲಾ ಸೇರಿ ಕಟ್ಟಿಕೊಡಿ. ಅವರು ಗಾಡಿ ಉರುಳಿಸಿದೋರ ಮೇಲೆ ಕೇಸ್ ಹಾಕ್ತೀನಿ ಅಂದ್ರೆ ತಡೀಬೇಡಿ, ಸಾಕ್ಷಿ ಹೇಳಿ. ಹುಡುಗನಿಗೂ ಗೊತ್ತಿರ್ಲಿ, ಭಾಷೆ, ಪ್ರದೇಶದ ಹೆಸರಲ್ಲಿ ದ್ವೇಷ ಹುಟ್ಟಿಸೋ ಸುಳ್ಳು ಸುದ್ದಿ ಹಬ್ಬಿಸಿದ್ರೆ ಭಾರತೀಯ ನ್ಯಾಯ ಸಂಹಿತೆ 353ರಲ್ಲಿ ಮೂರು ವರ್ಷದವರೆಗೂ ಶಿಕ್ಷೆ ಇದೆ.

ಪ್ರಶ್ನೆ: ಇಷ್ಟೊಂದು ಸುಳ್ಳು ಕಂಪ್ಲೇಂಟ್ ಬರೋದಾದ್ರೆ ಇಂಥ ದೂರುಗಳನ್ನ ನಂಬೋದೇ ಬೇಡ ಅಲ್ವಾ? ಎಸ್ಸಿ ಎಸ್ಟಿ ದೌರ್ಜನ್ಯ ತಡೆ ಕಾಯ್ದೆ, ಅದೇ ಅಟ್ರಾಸಿಟಿ ಕೇಸಲ್ಲಂತೂ ಪೊಲೀಸರು ಬಿ ರಿಪೋರ್ಟ್ ಹಾಕಿ ಕೇಸ್ ಮುಚ್ಚೋದು ತುಂಬಾ ಆಗತ್ತೆ ಅಂತ ಕೇಳಿದೀನಿ.
ನಿವೃತ್ತ ನೌಕರ, ಮಲ್ಲೇಶ್ವರಂ

ಉತ್ತರ: ಇಲ್ಲ ಸಾರ್, ಇದನ್ನ ನಾನು ಒಪ್ಪಲ್ಲ. ಬಿ ರಿಪೋರ್ಟ್ ಅಂದ್ರೆ ಯಾವಾಗ್ಲೂ ಕಂಪ್ಲೇಂಟ್ ಕೊಟ್ಟೋರು ಕಥೆ ಕಟ್ಟಿದ್ರು ಅಂತಲ್ಲ. ಸಾಕ್ಷಿ ಹೇಳೋಕೆ ಹೆದರಿರ್ತಾರೆ, ಊರಲ್ಲಿ ರಾಜಿ ಮಾಡಿಸಿರ್ತಾರೆ, ತನಿಖೆನೇ ಸರಿಯಾಗಿ ಆಗಿರಲ್ಲ, ಆಗ್ಲೂ ಕೇಸ್ ಬಿದ್ದೋಗತ್ತೆ. ನೀವು ಹೇಳೋ ಮಾತನ್ನೇ ದೇಶ ಒಂದ್ಸಲ ಮಾಡಿ ನೋಡಿದೆ. 2018ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆ ದುರ್ಬಳಕೆ ಆಗ್ತಿದೆ ಅಂತ ಎಫ್‌ಐಆರ್‌ಗೆ ಮುಂಚೆ ವಿಚಾರಣೆ ಮಾಡಬಹುದು, ಅರೆಸ್ಟ್‌ಗೆ ಅನುಮತಿ ಬೇಕು ಅಂದಿತ್ತು. ಏಪ್ರಿಲ್ 2ಕ್ಕೆ ಭಾರತ್ ಬಂದ್ ಆಯ್ತು, ಆಗಸ್ಟಲ್ಲಿ ಸಂಸತ್ತು 18ಎ ಅಂತ ಹೊಸ ಸೆಕ್ಷನ್ ಸೇರಿಸಿ ಅದೆಲ್ಲಾ ಬೇಡ ಅಂತ ಮಾಡ್ತು, 2019ರ ಅಕ್ಟೋಬರಲ್ಲಿ ಕೋರ್ಟೇ ತನ್ನ ಆ ನಿರ್ದೇಶನ ವಾಪಸ್ ತಗೊಳ್ತು. ಕೆಲವರ ಸುಳ್ಳಿಗೆ ಒಂದು ಇಡೀ ಸಮುದಾಯದ ಬಾಯಿ ಮುಚ್ಚಿಸೋದು ನ್ಯಾಯ ಹೇಗಾಗತ್ತೆ? ದೂರು ಕೇಳಿಸ್ಕೊಂಡು ಬರ್ಕೊಳ್ಳೋದು ಬೇರೆ, ಯಾರದ್ದೋ ಗಾಡಿ ಉರುಳಿಸೋದು ಬೇರೆ. ಮೊದಲನೇದಕ್ಕೆ ತಡ ಮಾಡಬಾರದು, ಎರಡನೇದು ಯಾವತ್ತೂ ನಮ್ಮ ಕೆಲಸ ಅಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾ ಯಾದಗಿರಿ ಕಡೆಯಾಕಿ ಅದೀನ್ರಿ, ಇಲ್ಲಿ ಬಿಎಸ್ಸಿ ಓದ್ಲಿಕತ್ತೀನಿ. ಪಿಜಿಯೊಳಗ ಊಟದ ಟೈಮಿಗೆ ಎಲ್ಲಾರ ಮುಂದ ಇಬ್ರು ಹುಡುಗ್ಯಾರು ನನ್ ಜಾತಿ ಹೆಸರು ತಗದು ಬೈದ್ರು, ನಿನ್ ತಾಟು ಬ್ಯಾರೆ ಇಡು ಅಂದ್ರು. ಕೈ ಏನ್ ಮಾಡಿಲ್ರಿ. ಕಂಪ್ಲೇಂಟ್ ಕೊಡ್ತೀನಿ ಅಂದ್ರ ನಮ್ ಗೆಳತ್ಯಾರು, ಬರೇ ಬೈದ್ರು ಅಂದ್ರ ಯಾರೂ ಕೇಳಂಗಿಲ್ಲ, ಹೊಡದ್ರು ಅಂತನೂ ಸೇರಿಸು ಅನ್ಲಿಕತ್ತಾರ. ಏನ್ ಮಾಡ್ಲಿ?
ಹೆಸರು ಬ್ಯಾಡ್ರಿ

ಉತ್ತರ: ಸೇರಿಸ್ಬೇಡ ತಾಯಿ, ಒಂದು ಮಾತೂ ಸೇರಿಸ್ಬೇಡ. ನಿನಗೆ ಆಗಿರೋದು ಚಿಕ್ಕದು ಅಂತ ಯಾರಾದ್ರೂ ಅಂದ್ರೆ ಅವರ ಮಾತು ಕೇಳ್ಬೇಡ, ಎಸ್ಸಿ ಎಸ್ಟಿಯೋರನ್ನ ಎಲ್ಲರೆದುರು ಜಾತಿ ಹೆಸರು ಹಿಡಿದು ಬೈದು ಅವಮಾನ ಮಾಡೋದೇ ಅಟ್ರಾಸಿಟಿ ಕಾಯ್ದೆಯಲ್ಲಿ ಅಪರಾಧ, ಹೊಡೆದಿರಬೇಕು ಅಂತಿಲ್ಲ. ನಾಳೆ ಡೈನಿಂಗ್ ಹಾಲ್ ಕ್ಯಾಮೆರಾದಲ್ಲಿ ಹೊಡೆದದ್ದು ಕಾಣ್ಲಿಲ್ಲ ಅಂದ್ರೆ ಬೈದದ್ದನ್ನೂ ಯಾರೂ ನಂಬಲ್ಲ. ಆಗ ನಿನಗೆ ನಿಜವಾಗಿ ಆದ ನೋವೂ ಆ ಸೇರಿಸಿದ ಸುಳ್ಳಿನ ಜೊತೆ ಹೋಗ್ಬಿಡತ್ತೆ. ಆಮೇಲೆ ನಿನ್ನ ಥರನೇ ಇನ್ನೊಬ್ಬಳು ಹೋದಾಗ ಅವಳ ಮುಖ ನೋಡಿದ ಕೂಡ್ಲೇ ಅನುಮಾನ ಪಡ್ತಾರೆ.

ಇವತ್ತೇ ಕೂತು ಬರಿ. ದಿನ, ಟೈಮು, ಅವರಂದ ಮಾತು ಅಂದ ಹಾಗೇ, ಪಕ್ಕದಲ್ಲಿ ಯಾರ್ಯಾರು ಊಟ ಮಾಡ್ತಿದ್ರು ಅಂತ, ಯಾಕಂದ್ರೆ ಬೇರೆಯವರ ಎದುರಿಗೆ ಆಗಿದೆ ಅನ್ನೋದು ಈ ಕೇಸಲ್ಲಿ ತುಂಬಾ ಮುಖ್ಯ ಆಗತ್ತೆ. ಕ್ಯಾಮೆರಾ ಇದ್ರೆ ರೆಕಾರ್ಡಿಂಗ್ ಅಳಿಸಿ ಹೋಗೋ ಮುಂಚೆ ತೆಗೆದಿಡಿ ಅಂತ ಓನರ್‌ಗೆ ಮೆಸೇಜಲ್ಲೇ ಕೇಳು, ಬಾಯಲ್ಲಿ ಬೇಡ. ದೌರ್ಜನ್ಯ ತಡೆ ಸಹಾಯವಾಣಿ 14566 ಇದೆ, ಮೊದಲು ಅಲ್ಲಿಗೆ ಫೋನ್ ಮಾಡಿದ್ರೂ ಆಗತ್ತೆ. ಸ್ಟೇಷನ್ನಿಗೆ ಒಬ್ಬಳೇ ಹೋಗ್ಬೇಡ, ಕಾಲೇಜಿನ ಲೆಕ್ಚರರ್ ಯಾರಾದ್ರೂ ಬರ್ತಾರಾ ಕೇಳು. ಎಫ್‌ಐಆರ್ ಕಾಪಿ ದುಡ್ಡಿಲ್ಲದೆ ಕೊಡಬೇಕು, ಕೇಳಿ ಇಸ್ಕೋ. ಅಲ್ಲಿ ಹೋದಾಗ ಗಂಟಲು ಕಟ್ಟಿ ಮಾತು ಹೊರಡ್ಲಿಲ್ಲ ಅಂದ್ರೂ ಹೆದರ್ಬೇಡ, ನೀನು ಬರೆದ ಹಾಳೆನೇ ಕೊಡು. ಏನಾಯ್ತು ಅಂತ ನಂಗೂ ಒಂದು ಪತ್ರ ಹಾಕು, ಕಾಯ್ತಿರ್ತೀನಿ.